ವೀಗನ್ ಊಟ ಶುರು ಮಾಡುವಾಗ ಏನೇನು ಬಿಡಬೇಕು? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ದಯವಿಟ್ಟು ಹೇಳಿ

ಕ್ಯಾತ್ಸಂದ್ರದ ಸೊಸೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಹುಟ್ಟಿನಿಂದ ಸಸ್ಯಾಹಾರಿ. ಈಗ ವೀಗನ್ ಆಗಬೇಕು, ಅಂದರೆ ಪ್ರಾಣಿಗಳಿಂದ ಬರುವ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನುತುಪ್ಪ ಎಲ್ಲಾ ಬಿಡಬೇಕು ಅಂತ ಮನಸ್ಸು ಮಾಡಿದ್ದೇನೆ. ಇದು ಎರಡನೇ ಸಲ. ಎರಡು ವರ್ಷದ ಹಿಂದೆ ಶುರು ಮಾಡಿ ಎಂಟು ತಿಂಗಳಿಗೆ ಕೈಬಿಟ್ಟೆ. ಆಗ ನಾನು ಮಾಡಿದ್ದು ಇಷ್ಟೇ. ಹಾಲು ಬಿಟ್ಟೆ, ಮೊಸರು ಬಿಟ್ಟೆ, ಆ ಜಾಗಕ್ಕೆ ಏನೂ ತರಲಿಲ್ಲ. ಬೆಳಿಗ್ಗೆ ಹಾಲಿಲ್ಲದ ಟೀ ಜೊತೆ ನಾಲ್ಕು ಬಿಸ್ಕತ್ತು. ಮಧ್ಯಾಹ್ನ ಅನ್ನ ಸಾರು. ರಾತ್ರಿ ಮತ್ತೆ ಅನ್ನ ಸಾರು, ಉಪ್ಪಿನಕಾಯಿ. ಆರನೇ ತಿಂಗಳಿಗೆ ಪಾದ ಜುಮು ಜುಮು ಅನ್ನಲು ಶುರುವಾಯಿತು. ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಬಿ12 130ಕ್ಕೆ ಇಳಿದಿತ್ತು. ನೋಡಿದ ಡಾಕ್ಟರು "ಸುಮ್ನೆ ಹಾಲು ಕುಡೀರಮ್ಮ" ಅಂದು ಚೀಟಿ ಬರೆದುಕೊಟ್ಟರು. ಯಾಕೆ ಹೀಗಾಯಿತು ಅಂತ ಯಾರೂ ಹೇಳಲಿಲ್ಲ.

ಇನ್ನೂ ಬೇಜಾರಾಗಿದ್ದು ಆಮೇಲೆ. ದಿನಾ ತಿನ್ನುತ್ತಿದ್ದ ಆ ಬಿಸ್ಕತ್ತಿನಲ್ಲೇ ಹಾಲಿನ ಪುಡಿ ಇತ್ತು. ಎಂಟು ತಿಂಗಳು ನಾನು ಬಿಟ್ಟೇ ಇರಲಿಲ್ಲ.

ಯಾಕೆ ಬಿಡಬೇಕು ಅಂತ ಕೇಳುವವರಿಗೆ ಒಂದು ಮಾತು. ನಮ್ಮ ಪಕ್ಕದ ಮನೆಯಲ್ಲಿ ಹಸು ಕರು ಹಾಕಿತು, ಗಂಡು ಕರು. ಹತ್ತು ದಿನಕ್ಕೆ ಅದನ್ನು ಟೆಂಪೋ ಹತ್ತಿಸಿ ಕಳಿಸಿದರು. ಹಸು ಮೂರು ರಾತ್ರಿ ಕೂಗಿತು. ನಮ್ಮ ಅಡುಗೆಮನೆ ಕಿಟಕಿ ಆ ಕೊಟ್ಟಿಗೆ ಕಡೆಗೇ ಇದೆ. ಆಮೇಲೆ ಕಾಫಿಗೆ ಹಾಲು ಹಾಕಲು ನನಗೆ ಕೈ ಬರಲಿಲ್ಲ. ಇಷ್ಟೇ ಕಾರಣ. ಬೇರೆಯವರು ಏನು ತಿನ್ನಬೇಕು ಅಂತ ನಾನು ಹೇಳುತ್ತಿಲ್ಲ.

ಈಗ ನನ್ನ ಪ್ರಶ್ನೆ. ಕಣ್ಣಿಗೆ ಕಾಣುವ ಹಾಲು ಮೊಸರು ಬಿಡೋದು ಗೊತ್ತು. ಕಾಣದೆ ಇರೋದು ಯಾವುದು? ಹೋಟೆಲಿನಲ್ಲಿ, ಬೇಕರಿಯಲ್ಲಿ, ಅಂಗಡಿ ಪ್ಯಾಕೆಟ್ಟಿನಲ್ಲಿ ಏನು ನೋಡಬೇಕು? ಈ ಸಲ ದೇಹ ಕೆಡಿಸಿಕೊಳ್ಳದೆ ಮಾಡಬೇಕು ಅಂತ ಇದ್ದೇನೆ.

ಮಾಲೂರಿನ ಅಡುಗೆಮನೆ

ತಾಯಿ, ಚೆನ್ನಾಗಿ ಕೇಳಿದ್ದೀರಿ. ನನಗೆ 61 ವರ್ಷ. ಮಗಳು ನಾಲ್ಕು ವರ್ಷದಿಂದ ವೀಗನ್. ಅವಳಿಗೋಸ್ಕರ ನಾನೂ ಅಡುಗೆ ಹೊಸದಾಗಿ ಕಲಿತೆ. ಮೊದಲ ಆರು ತಿಂಗಳು ಮನೆಯಲ್ಲೇ ಎಷ್ಟು ಕಡೆ ಎಡವಿದೆ ಅಂತ ಹೇಳುತ್ತೇನೆ.

ಮಜ್ಜಿಗೆ ಮೆಣಸಿನಕಾಯಿ. ಬಾಳಕ ಅಂತೀವಲ್ಲ, ಅದೇ. ಹೆಸರಲ್ಲೇ ಮಜ್ಜಿಗೆ ಇದೆ, ಆದರೂ ಕರಿದು ತಟ್ಟೆಗೆ ಹಾಕಿಬಿಟ್ಟಿದ್ದೆ. ಕೆಲವು ಸಂಡಿಗೆಗೂ ಹುಳಿ ಮಜ್ಜಿಗೆ ಬೀಳುತ್ತೆ. ರವೆ ಇಡ್ಲಿಗೆ ಮೊಸರು. ಬೆಣ್ಣೆ ಹಾಕಿ ಕಲಸಿದ ಚಕ್ಕುಲಿ, ನಿಪ್ಪಟ್ಟು. ಹಬ್ಬದ ಸಜ್ಜಪ್ಪ, ಒಬ್ಬಟ್ಟು ಬೇಯಿಸುವಾಗ ತುಪ್ಪ. ಸಾರಿನ ಒಗ್ಗರಣೆಗೆ ತುಪ್ಪ ಹಾಕುವ ಕೈ ಅಭ್ಯಾಸ ತಪ್ಪಿಸೋದೇ ನನಗೆ ಕಷ್ಟವಾಯಿತು. ಚಮಚ ತಾನಾಗೇ ತುಪ್ಪದ ಗಿಂಡಿಗೆ ಹೋಗೋದು. ಕೊನೆಗೆ ಗಿಂಡಿಯನ್ನೇ ಮೇಲಿನ ಅಟ್ಟಕ್ಕೆ ಇಟ್ಟೆ.

ಸಕ್ಕರೆ ಪಾಕದ್ದು ಬಹಳ ಜನಕ್ಕೆ ಗೊತ್ತಿಲ್ಲ. ಪಾಕ ಕುದಿಯುವಾಗ ಕೊಳೆ ಮೇಲೆ ಬರಲಿ ಅಂತ ಒಂದು ಚಮಚ ಹಾಲು ಬಿಡುತ್ತಾರೆ. ಸಂಕ್ರಾಂತಿ ಸಕ್ಕರೆ ಅಚ್ಚಿಗೂ ಹಾಗೇ. ತಿನ್ನುವಾಗ ಹಾಲಿನ ರುಚಿ ಸ್ವಲ್ಪವೂ ಗೊತ್ತಾಗಲ್ಲ.

ಒಳ್ಳೆಯ ಸುದ್ದಿ ಏನಪ್ಪಾ ಅಂದರೆ ನಮ್ಮ ಊಟದಲ್ಲಿ ಅರ್ಧಕ್ಕೂ ಹೆಚ್ಚು ಮೊದಲಿನಿಂದ ವೀಗನ್ನೇ. ಮುದ್ದೆ, ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಹಿತಕಿದ ಬೇಳೆ ಸಾರು, ಹುರುಳಿಕಾಳು ಸಾರು, ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಪುಳಿಯೋಗರೆ. ಒಗ್ಗರಣೆ ಎಣ್ಣೆಯಲ್ಲಿ ಆದರೆ ಸಾಕು. ಇದಕ್ಕೆಲ್ಲಾ ಹೊಸ ಸಾಮಾನು ಏನೂ ಬೇಕಿಲ್ಲ.

ಶಿಡ್ಲಘಟ್ಟ ಹುಡುಗ

ಪ್ಯಾಕೆಟ್ ಬಗ್ಗೆ ನಾನು ಹೇಳುತ್ತೇನೆ ಅಕ್ಕ. ಹಾಸ್ಟೆಲಿನಲ್ಲಿ ಇದ್ದು ಓದುತ್ತಿದ್ದೇನೆ, ಒಂದೂವರೆ ವರ್ಷದಿಂದ ಇದೇ ಕೆಲಸ.

ಹಸಿರು ಚುಕ್ಕೆ ನೋಡಿ ಮೋಸ ಹೋಗಬೇಡಿ. ಹಸಿರು ಚುಕ್ಕೆ ಅಂದರೆ ಸಸ್ಯಾಹಾರ, ಅಷ್ಟೇ. ನಮ್ಮ ಕಾನೂನಿನಲ್ಲಿ ಹಾಲು, ಜೇನುತುಪ್ಪ ಎರಡೂ ಹಸಿರು ಚುಕ್ಕೆಗೇ ಸೇರುತ್ತವೆ. ವೀಗನ್‌ಗೆ ಬೇರೆ ಗುರುತು ಇದೆ. ಎಫ್‌ಎಸ್‌ಎಸ್‌ಎಐ ಅಂದರೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರದ ನಿಯಮ ತಂದಿತು. ಹಸಿರು ಚೌಕದೊಳಗೆ ವಿ ಅಕ್ಷರ, ಅದರ ಮೇಲೆ ಪುಟ್ಟ ಎಲೆ. ಅದು ಇದ್ದರೆ ಚಿಂತೆಯಿಲ್ಲ. ಆದರೆ ನಮ್ಮ ಊರಿನ ಅಂಗಡಿಗಳಲ್ಲಿ ಆ ಗುರುತು ಅಪರೂಪ. ಗುರುತು ಇಲ್ಲದ ಮಾತ್ರಕ್ಕೆ ಅದರಲ್ಲಿ ಹಾಲಿದೆ ಅಂತಲೂ ಅಲ್ಲ. ಹಾಗಾಗಿ ಹಿಂದೆ ತಿರುಗಿಸಿ ಓದಲೇಬೇಕು.

ಓದುವಾಗ ಹಾಲಿನಿಂದ ಬರುವ ಈ ಪದಾರ್ಥಗಳ ಹೆಸರು ಹುಡುಕಿ: ಮಿಲ್ಕ್ ಸಾಲಿಡ್ಸ್, ವೇ ಪೌಡರ್, ಕೇಸಿನ್, ಕೇಸಿನೇಟ್, ಲ್ಯಾಕ್ಟೋಸ್, ಬಟರ್ ಆಯಿಲ್. ಜಾಸ್ತಿ ಹೊತ್ತಿಲ್ಲದಿದ್ದರೆ ನೇರವಾಗಿ ಕೊನೆಯ ಸಾಲಿಗೆ ಹೋಗಿ. ಹಾಲು, ಸೋಯಾ, ಕಡ್ಲೆಕಾಯಿ ಇಂಥ ಅಲರ್ಜಿ ಪದಾರ್ಥ ಇದ್ದರೆ 'ಕಂಟೇನ್ಸ್ ಮಿಲ್ಕ್' ಅಂತ ಬೇರೆಯಾಗಿ ಬರೆದಿರುತ್ತೆ. 'ಮೇ ಕಂಟೇನ್ ಮಿಲ್ಕ್' ಅಂದರೆ ಬೇರೆ. ಅದೇ ಯಂತ್ರದಲ್ಲಿ ಹಾಲಿನ ಪದಾರ್ಥವನ್ನೂ ಮಾಡುತ್ತಾರೆ, ಸ್ವಲ್ಪ ತಾಗಿರಬಹುದು ಅಂತ. ಅಲರ್ಜಿ ಇರುವವರಿಗೆ ಅದು ಅಪಾಯ. ನಾನು ಅದನ್ನು ತಿನ್ನುತ್ತೇನೆ.

ಬಣ್ಣ, ಹೊಳಪಿಗೆ ಹಾಕುವ ಪದಾರ್ಥಗಳಿಗೆ ಪ್ಯಾಕೆಟ್ ಮೇಲೆ ನಂಬರುಗಳೂ ಇವೆ. 120 ಅಂದರೆ ಕಾರ್ಮೈನ್, ಹುಳದಿಂದ ಬರುವ ಕೆಂಪು ಬಣ್ಣ. 904 ಅಂದರೆ ಅರಗು, ಅದೂ ಹುಳದ್ದೇ, ಮಿಠಾಯಿ ಮೇಲೆ ಹೊಳಪಿಗೆ ಹಚ್ಚೋದು. 901 ಜೇನುಮೇಣ. 471 ಅಂದರೆ ಎಣ್ಣೆ ನೀರು ಬೆರೆಯಲು ಹಾಕೋದು, ಎರಡೂ ಕಡೆಯಿಂದ ಬರಬಹುದು, ಸಸ್ಯ ಅಥವಾ ಪ್ರಾಣಿ. ಜೆಲಾಟಿನ್ ಅಂತ ಕಂಡರೆ ಅದು ಮೂಳೆ, ಚರ್ಮದ್ದು.

ನನಗೆ ಆಶ್ಚರ್ಯವಾಗಿದ್ದು ಚಿಪ್ಸ್. ಈರುಳ್ಳಿ, ಕ್ರೀಂ ರುಚಿ ಅಂತ ಬರುವ ಆಲೂಗಡ್ಡೆ ಚಿಪ್ಸ್‌ಗೆ ಹಾಲಿನ ಪುಡಿ ಬೀಳುತ್ತೆ. ಸುಮ್ನೆ ಉಪ್ಪು ಹಾಕಿದ್ದಕ್ಕೆ ಇಲ್ಲ. 'ನಾನ್ ಡೈರಿ ಕ್ರೀಮರ್' ಅಂತ ಬರೆದ, ಕಾಫಿಗೆ ಹಾಕುವ ಪುಡಿಯಲ್ಲೂ ಹೆಚ್ಚಾಗಿ ಕೇಸಿನೇಟ್ ಇರುತ್ತೆ, ಅದು ಹಾಲಿನದೇ.

ಶ್ರೀನಿವಾಸಪುರ ಹಸು ಮನೆ

ನಾನು ಹಾಲು ಕರೆಯುವ ಮನೆಯವನು. ಮೂರು ಹಸು ಇವೆ. ಬೆಳಿಗ್ಗೆ ಐದೂವರೆಗೆ, ಸಂಜೆ ಐದಕ್ಕೆ ಡೈರಿಗೆ ಹಾಲು ಹಾಕುತ್ತೇವೆ. ಮಳೆ ಕೈಕೊಟ್ಟ ವರ್ಷ, ಟೊಮೇಟೊ ಬೆಲೆ ಬಿದ್ದು ರಸ್ತೆಗೆ ಸುರಿದ ವರ್ಷ, ನಮ್ಮ ಮಕ್ಕಳ ಫೀಸು ಕಟ್ಟಿದ್ದು ಆ ಹಾಲಿನ ಬಟವಾಡೆ ದುಡ್ಡು. ಈ ಕಡೆ ವರ್ಷವಿಡೀ ಹರಿಯುವ ನದಿಯಿಲ್ಲ, ಬೋರ್‌ವೆಲ್ ಸಾವಿರ ಅಡಿ ಹೋದರೂ ನೀರು ಸಿಗೋದು ಗ್ಯಾರಂಟಿ ಇಲ್ಲ. ಹಸು ಬಿಟ್ಟರೆ ನಮಗೆ ತಿಂಗಳ ಆದಾಯ ಅಂತ ಬೇರೆ ಇಲ್ಲ. ಈ ಮಾತೂ ಇಲ್ಲಿ ಇರಲಿ ಅಂತ ಬರೆದೆ. ಅಕ್ಕನ ಮೇಲೆ ಕೋಪ ಇಲ್ಲ.

ಕ್ಯಾತ್ಸಂದ್ರದ ಸೊಸೆ

ಅಣ್ಣ, ನೀವು ಬರೆದಿದ್ದು ಒಳ್ಳೆಯದಾಯಿತು. ನನ್ನ ತವರಿನಲ್ಲೂ ಹಸು ಇತ್ತು. ನನ್ನ ಡಿಗ್ರಿ ಫೀಸು ಕಟ್ಟಿದ್ದೂ ಅದೇ ದುಡ್ಡಿನಲ್ಲಿ. ಅದನ್ನು ಮರೆತಿಲ್ಲ. ನನ್ನ ತಟ್ಟೆಯ ಬಗ್ಗೆ ಮಾತ್ರ ಕೇಳುತ್ತಿದ್ದೇನೆ, ನಿಮ್ಮ ಕೊಟ್ಟಿಗೆ ಬಗ್ಗೆ ಅಲ್ಲ.

ಚಿಂತಾಮಣಿ ಡಯಟಿಷಿಯನ್

ನಾನು ಆಹಾರ ಸಲಹೆ ಕೆಲಸ ಮಾಡುವವಳು. ಅಕ್ಕ, ನಿಮಗೆ ಯಾಕೆ ಹಾಗಾಯಿತು ಅಂತ ಮೊದಲು ಹೇಳುತ್ತೇನೆ. ಅದು ತಿಳಿಯದೆ ಏನು ಬಿಡಬೇಕು ಅನ್ನೋ ಪಟ್ಟಿಯಿಂದ ಪ್ರಯೋಜನವಿಲ್ಲ.

ಬಿ12 ಮಾಡೋದು ಬ್ಯಾಕ್ಟೀರಿಯಾ. ಗಿಡಕ್ಕೆ ಅದು ಬೇಡ, ಹಾಗಾಗಿ ಗಿಡದಲ್ಲಿ ಇಲ್ಲ. ಮಾಂಸ, ಮೊಟ್ಟೆ, ಹಾಲಿನಲ್ಲಿ ಇದೆ. ನಮ್ಮ ಲಿವರ್ ಅದನ್ನು ವರ್ಷಗಟ್ಟಲೆ ಕೂಡಿಡುತ್ತದೆ. ಮೊದಲು ಮಾಂಸ ತಿನ್ನುತ್ತಿದ್ದವರು ವೀಗನ್ ಆದರೆ ಆ ಉಳಿತಾಯ ಎರಡು, ಮೂರು ವರ್ಷ ನಡೆಸುತ್ತದೆ. ಆದರೆ ನಿಮ್ಮ ಹಾಗೆ ಹುಟ್ಟಿನಿಂದ ಬರೀ ಹಾಲು ಮೊಸರಿನ ಮೇಲೆ ಇದ್ದವರಿಗೆ ಉಳಿತಾಯವೇ ಕಡಿಮೆ. ಹಾಲೂ ನಿಂತ ಮೇಲೆ ಕೆಲವೇ ತಿಂಗಳಲ್ಲಿ ತಳ ಕಾಣುತ್ತದೆ. ಸಾಮಾನ್ಯವಾಗಿ 200ಕ್ಕಿಂತ ಕೆಳಗೆ ಬಂದರೆ ಕೊರತೆ ಅಂತಾರೆ. ಪಾದ ಜುಮ್ಮೆನ್ನುವುದು ನರಕ್ಕೆ ತಾಗಿದ ಗುರುತು. ಅದನ್ನು ಹಾಗೇ ಬಿಟ್ಟರೆ ಪೂರ್ತಿ ವಾಸಿಯಾಗದೆ ಉಳಿಯಬಹುದು.

ಇನ್ನೊಂದು ತೊಡಕು ಇದೆ. ಸೊಪ್ಪು, ಕಾಳು ಚೆನ್ನಾಗಿ ತಿನ್ನುವವರಿಗೆ ಫೋಲೇಟ್ ಅನ್ನೋ ಇನ್ನೊಂದು ಬಿ ವಿಟಮಿನ್ ಧಾರಾಳ ಸಿಗುತ್ತದೆ. ಆಗ ಬಿ12 ಕಡಿಮೆ ಇದ್ದರೂ ರಕ್ತ ನೋಡಿದರೆ ಎಲ್ಲಾ ಸರಿ ಇರುವ ಹಾಗೆ ಕಾಣಬಹುದು, ಒಳಗೆ ನರ ಕೆಡುತ್ತಾ ಇರಬಹುದು. ಹಾಗಾಗಿ ಹಿಮೋಗ್ಲೋಬಿನ್ ಮಾತ್ರ ನೋಡಿ ಸಮಾಧಾನ ಪಡಬೇಡಿ. ಬಿ12 ಅನ್ನೇ ಬೇರೆ ಪರೀಕ್ಷೆ ಮಾಡಿಸಿ.

ಇಡ್ಲಿ ಹಿಟ್ಟು ಹುಳಿ ಬರುತ್ತಲ್ಲ, ಅದರಲ್ಲಿ ಬಿ12 ಇದೆ ಅಂತ ಮೊಬೈಲಿನಲ್ಲಿ ಬರುತ್ತೆ. ನಂಬಬೇಡಿ. ಸ್ಪಿರುಲಿನಾ ಅನ್ನೋ ಪಾಚಿಯ ಮಾತ್ರೆಯಲ್ಲಿ ಇರುವುದು ಬಹುಪಾಲು ಹುಸಿ ಬಿ12, ನಮ್ಮ ದೇಹಕ್ಕೆ ಕೆಲಸಕ್ಕೆ ಬರಲ್ಲ. ಮಾತ್ರೆಯೋ ಬಿ12 ಸೇರಿಸಿದ ಆಹಾರವೋ ಬೇಕೇ ಬೇಕು. ಬ್ರಿಟನ್ನಿನ ವೀಗನ್ ಸೊಸೈಟಿ, 1944ರಲ್ಲಿ ಈ ವೀಗನ್ ಅನ್ನೋ ಪದ ಹುಟ್ಟಿದ್ದೇ ಅವರಿಂದ, ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಇಲ್ಲವೇ ವಾರಕ್ಕೆ ಒಮ್ಮೆ 2000 ಮೈಕ್ರೋಗ್ರಾಂ ಅಂತ ಹೇಳುತ್ತಾರೆ. ವೀಗನ್ನರೇ ವೀಗನ್ನರಿಗೆ ಹೇಳುವ ಮಾತು ಇದು. ಆದರೆ ಇದು ಕೊರತೆ ಇಲ್ಲದವರಿಗೆ. ನಿಮ್ಮದು ಒಮ್ಮೆ 130ಕ್ಕೆ ಇಳಿದಿದೆ. ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಇಂಜೆಕ್ಷನ್ನೋ ಮಾತ್ರೆಯೋ ಡಾಕ್ಟರು ಹೇಳಲಿ, ಆಮೇಲೆ ಹಾಲು ಬಿಡಿ. ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ತಗೊಳ್ಳುವವರು ಇನ್ನೂ ಜಾಗ್ರತೆ, ಆ ಮಾತ್ರೆಯೂ ಬಿ12 ಇಳಿಸುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಶುರುವಿನಲ್ಲಿ ನಾನು ದೂರ ಇಡಿ ಅನ್ನೋದು ಹಾಲಿನ ಪದಾರ್ಥವನ್ನು ಮಾತ್ರ ಅಲ್ಲ.

ತುಪ್ಪದ ಬದಲು ಡಾಲ್ಡಾ ತರಹದ ವನಸ್ಪತಿ ತರಬೇಡಿ. ಹಾಲಿಲ್ಲ, ಸರಿ, ಆದರೆ ಎಣ್ಣೆಯನ್ನು ಗಟ್ಟಿ ಮಾಡುವಾಗ ಅದರಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದು. ಅದು ಎಣ್ಣೆ, ಕೊಬ್ಬಿನ 2% ಮೀರಬಾರದು ಅಂತ 2022ರಿಂದ ನಿಯಮವೇ ಇದೆ. ಬೇಕರಿಯಲ್ಲಿ ಬಿಡಿಯಾಗಿ ಮಾರುವುದರಲ್ಲಿ ಎಷ್ಟಿದೆ ಅಂತ ನಿಮಗೆ ತಿಳಿಯೋದಿಲ್ಲ. ಗೋಬಿ ಮಂಚೂರಿ, ಕರಿದ ತಿಂಡಿ, ಹಸುವಿನ ಹಾಲಿಲ್ಲದೆ ಬರೀ ಬಾದಾಮಿಯಿಂದ ಮಾಡಿ ಸಕ್ಕರೆ ಸುರಿದ ಪ್ಯಾಕೆಟ್ ಹಾಲು, ಇವೆಲ್ಲಾ ವೀಗನ್ ಇರಬಹುದು. ಹೊಟ್ಟೆ ತುಂಬುತ್ತೆ, ದೇಹಕ್ಕೆ ಏನೂ ಸಿಗಲ್ಲ. ನೀವು ಹಿಂದೆ ಬಿಸ್ಕತ್ತಿನಿಂದ ಹೊಟ್ಟೆ ತುಂಬಿಸಿದ್ದೂ ಇದೇ ತಪ್ಪು.

ಊಟದ ಜೊತೆ ಟೀ ಕಾಫಿ ಬೇಡ. ಕಾಳು, ಸೊಪ್ಪಿನ ಕಬ್ಬಿಣಾಂಶವನ್ನು ಟೀ ಹಿಡಿದುಬಿಡುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಸಾರಿಗೆ ನಿಂಬೆಹಣ್ಣು ಹಿಂಡಿದರೆ ಅದೇ ಕಬ್ಬಿಣ ಜಾಸ್ತಿ ಸಿಗುತ್ತೆ. ಇಂದುಪ್ಪು, ಕಲ್ಲುಪ್ಪಿಗೆ ಪೂರ್ತಿ ಬದಲಾಗಬೇಡಿ, ಅಯೋಡಿನ್ ಇರುವ ಉಪ್ಪೇ ಇರಲಿ. ಹಾಲಿನಿಂದ ಬರುತ್ತಿದ್ದ ಅಯೋಡಿನ್ ಈಗ ಇರಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ಸೋಯಾ ಹಾಲನ್ನು ಆ ಮಾತ್ರೆಯ ಹತ್ತಿರ ಕುಡಿಯಬಾರದು, ಕೆಲವು ಗಂಟೆ ಅಂತರ ಬೇಕು.

ಒಂದೇ ವಾರದಲ್ಲಿ ಮೂರು ಹೊತ್ತೂ ಕಾಳು ಅಂತಲೂ ಬೇಡ. ಹೊಟ್ಟೆ ಉಬ್ಬರಿಸಿ ಜನ ಬಿಟ್ಟುಬಿಡೋದು ಇದಕ್ಕೇ. ರಾತ್ರಿ ನೆನೆಸಿ, ನೀರು ಚೆಲ್ಲಿ, ಮೊಳಕೆ ಕಟ್ಟಿ, ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ.

ಗರ್ಭಿಣಿಯರು, ಚಿಕ್ಕ ಮಕ್ಕಳ ವಿಷಯ ಇಲ್ಲಿ ಬರೆದಿದ್ದನ್ನು ನೋಡಿ ಮಾಡಬೇಡಿ. ಎದುರಿಗೆ ಕೂತು ಡಾಕ್ಟರ ಹತ್ತಿರ ಮಾತಾಡಿ.

ಪಾವಗಡ ಮೇಷ್ಟ್ರು

ಮೇಡಂ ಹೇಳಿದ ಟೀ ಮಾತಿಗೆ ನಮ್ಮ ಕಡೆಯದು ಒಂದು ಸೇರಿಸಬೇಕು. ಇದು ಬಹಳ ಮುಖ್ಯ.

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಸುತ್ತ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಲೆಕ್ಕ. ನಮ್ಮ ಶಾಲೆಯ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ನೋಡಿ ನೋಡಿ ನನಗೆ ಇದು ಗೊತ್ತು. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಮಗು ನಕ್ಕ ಕೂಡಲೇ ಕೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರಿಗೆ ಫ್ಲೋರೈಡ್ ಮೂಳೆಗೆ ಇನ್ನೂ ಜಾಸ್ತಿ ತೊಂದರೆ ಕೊಡುತ್ತದೆ. ಟೀ ಎಲೆಯಲ್ಲೂ ಫ್ಲೋರೈಡ್ ಇರುತ್ತದೆ.

ಈಗ ಲೆಕ್ಕ ಹಾಕಿ. ಹಾಲು ಬಿಟ್ಟರು, ಕ್ಯಾಲ್ಸಿಯಂ ಇಳಿಯಿತು. ಹಾಲಿನ ಕಾಫಿ ಬದಲು ದಿನಕ್ಕೆ ಐದು ಸಲ ಕರಿ ಟೀ. ನೀರು ಬೋರ್‌ವೆಲ್‌ದು. ಮೂರೂ ಒಂದೇ ಕಡೆ ಸೇರಿದವು. ಹಾಗಾಗಿ ನಮ್ಮ ಕಡೆಯವರು ಹಾಲು ಬಿಡುವುದಾದರೆ ಕರಿ ಟೀಗೆ ಬದಲಾಗಬೇಡಿ. ಶುದ್ಧ ನೀರಿನ ಘಟಕದ ನೀರೇ ಕುಡಿಯಿರಿ, ಅಡುಗೆಗೂ ಅದೇ ಇರಲಿ. ಬೆಳಿಗ್ಗೆ ಬಿಸಿಯಾಗಿ ಏನಾದರೂ ಬೇಕು ಅನಿಸಿದರೆ ರಾಗಿ ಗಂಜಿ ಅಥವಾ ಕೊತ್ತಂಬರಿ ಬೀಜದ ಕಷಾಯ ಮಾಡಿಕೊಳ್ಳಿ.

ರಾಗಿ ನಮ್ಮ ಹತ್ತಿರ ಇರುವಾಗ ಕ್ಯಾಲ್ಸಿಯಂಗೆ ಹೆದರಬೇಕಿಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಷ್ಟೇ ಹಸುವಿನ ಹಾಲಿನಲ್ಲಿ ಸುಮಾರು 120. ದೊಡ್ಡವರಿಗೆ ದಿನಕ್ಕೆ 1000 ಬೇಕು. ರಾಗಿಯದು ಪೂರ್ತಿ ಮೈಗೆ ಹತ್ತಲ್ಲ, ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಜಾಸ್ತಿ ಸಿಗುತ್ತೆ. ಒಂದು ಮುದ್ದೆ, ನುಗ್ಗೆಸೊಪ್ಪಿನ ಸಾರು, ಮೇಲೆ ಸಿಪ್ಪೆ ತೆಗೆಯದ ಎಳ್ಳಿನ ಚಟ್ನಿಪುಡಿ. ಪಾಲಕ್ ಸೊಪ್ಪನ್ನು ಕ್ಯಾಲ್ಸಿಯಂಗೆ ನೆಚ್ಚಿಕೊಳ್ಳಬೇಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಬಿಟ್ಟುಕೊಡಲ್ಲ.

ಕ್ಯಾತ್ಸಂದ್ರದ ಸೊಸೆ

ಮೇಷ್ಟ್ರೇ, ಕಣ್ಣು ತೆರೆಸಿದಿರಿ. ನಾನು ಆಗ ದಿನಕ್ಕೆ ಆರು ಲೋಟ ಕರಿ ಟೀ ಕುಡಿಯುತ್ತಿದ್ದೆ.

ಡಯಟಿಷಿಯನ್ ಮೇಡಂ, ನಿಮ್ಮ ಮಾತಿನಂತೆ ನಿನ್ನೆ ರಕ್ತ ಕೊಟ್ಟು ಬಂದೆ. ರಿಪೋರ್ಟ್ ಬರುವ ತನಕ ಮೊಸರು ಬಿಡಲ್ಲ.

ನಮ್ಮೂರಿನ ತಟ್ಟೆ ಇಡ್ಲಿ ಬಗ್ಗೆ ಯಾರಾದರೂ ಹೇಳಿ. ಭಾನುವಾರ ಮನೆಯವರೆಲ್ಲಾ ಹೋಗುತ್ತೇವೆ. ಅದೊಂದು ಬಿಡಬೇಕು ಅಂದರೆ ನನಗೆ ನಿಜವಾಗಲೂ ಕಷ್ಟ.

ತಿಪಟೂರು ತೆಂಗು

ತಟ್ಟೆ ಇಡ್ಲಿ ಬಿಡಬೇಡಿ ಅಕ್ಕ. ಹಿಟ್ಟು ಅಕ್ಕಿ, ಉದ್ದಿನಬೇಳೆ, ಅವಲಕ್ಕಿ ಅಥವಾ ಸಬ್ಬಕ್ಕಿ. ಅದರಲ್ಲಿ ಹಾಲು ಮೊಸರು ಇಲ್ಲ. ಮೇಲೆ ಇಡುವ ಬೆಣ್ಣೆ ಉಂಡೆ ಮಾತ್ರ ಬೇಡ ಅನ್ನಿ. ಆದರೆ ಆರ್ಡರ್ ಕೊಡುವಾಗಲೇ ಅನ್ನಬೇಕು. ತಟ್ಟೆ ಬಂದ ಮೇಲೆ ಹೇಳಿದರೆ ಬಿಸಿಗೆ ಬೆಣ್ಣೆ ಕರಗಿ ಇಳಿದಿರುತ್ತೆ.

ಹೋಟೆಲಿನಲ್ಲಿ ನಾನು ಕೇಳಿ ತಿಳಿದಿದ್ದು: ಪೊಂಗಲ್, ಕೇಸರಿಬಾತ್, ಬಿಸಿಬೇಳೆ ಬಾತ್‌ಗೆ ತುಪ್ಪ ಇದ್ದೇ ಇರುತ್ತೆ. ರವೆ ದೋಸೆಗೆ ಕೆಲವು ಕಡೆ ಮಜ್ಜಿಗೆ. ನಾನ್‌ಗೆ ಮೊಸರು, ಟೊಮೇಟೊ ಸೂಪಿಗೆ ಬೆಣ್ಣೆ. ದೋಸೆಗೆ "ಎಣ್ಣೆಯಲ್ಲಿ ಹಾಕಿ" ಅಂದರೆ ಹಾಕಿಕೊಡುತ್ತಾರೆ. ಬೇಕರಿ ಬನ್ನಿನ ಮೇಲೆ ಮಿಂಚು ಇದ್ದರೆ ಹಾಲು ಅಥವಾ ಮೊಟ್ಟೆ ಸವರಿರಬಹುದು, ಕೇಳಿ. ಬಿಡಿ ತಿಂಡಿಗೆ ಚುಕ್ಕೆ ಗುರುತು ಇರಲ್ಲ.

ನಾನು ತೆಂಗು ಬೆಳೆಯುವವನು, ಆದರೂ ನಿಜ ಹೇಳುತ್ತೇನೆ. ಹಸುವಿನ ಹಾಲಿನ ಬದಲು ದಿನಾ ಕಾಯಿಹಾಲು ಅಂತ ಮಾಡಬೇಡಿ. ಕಾಯಿಹಾಲಿನಲ್ಲಿ ಕೊಬ್ಬು ಜಾಸ್ತಿ, ಪ್ರೋಟೀನ್, ಕ್ಯಾಲ್ಸಿಯಂ ಕಡಿಮೆ. ಒತ್ತು ಶಾವಿಗೆಗೆ, ಹಬ್ಬದ ಪಾಯಸಕ್ಕೆ ಅದಕ್ಕಿಂತ ರುಚಿ ಬೇರೆ ಇಲ್ಲ. ದಿನದ ಲೋಟಕ್ಕೆ ಕಡ್ಲೆಕಾಯಿ ಹಾಲು ಅಥವಾ ಸೋಯಾ ಹಾಲು ಮೇಲು. ಶಿರಾ, ಪಾವಗಡದ ಕಡ್ಲೆಕಾಯಿ ಈಗ ಹೊಸದು ಬಂದಿದೆ.

ಬಂಗಾರಪೇಟೆ

ನಮ್ಮದು ಭಾನುವಾರ ನಾಟಿ ಕೋಳಿ ಸಾರು ಮಾಡುವ ಮನೆ. ನಾನೊಬ್ಬಳೇ ಬಿಟ್ಟಿದ್ದು, ಹತ್ತು ತಿಂಗಳಾಯಿತು. ನನಗೆ ಸಹಾಯವಾಗಿದ್ದು ಒಂದೇ ಉಪಾಯ. ಮಸಾಲೆ ಅದೇ ಇಟ್ಟುಕೊಂಡೆ. ಕಾಯಿ, ಗಸಗಸೆ, ಚಕ್ಕೆ, ಲವಂಗ, ಹುರಿದ ಈರುಳ್ಳಿ ಎಲ್ಲಾ ಹಾಗೇ. ಕೋಳಿ ಜಾಗಕ್ಕೆ ಎಳೆ ಹಲಸಿನಕಾಯಿ ಅಥವಾ ಅಣಬೆ ಬೀಳುತ್ತೆ. ಆದರೆ ಹಲಸಿನಕಾಯಿಯಲ್ಲಿ ಪ್ರೋಟೀನ್ ಕಡಿಮೆ, ಅದಕ್ಕೇ ಜೊತೆಗೆ ಅವರೆಕಾಳು ಅಥವಾ ಮೀಲ್ ಮೇಕರ್ ಹಾಕುತ್ತೇನೆ. ಒಣ ಮೀಲ್ ಮೇಕರ್‌ನಲ್ಲಿ ಅರ್ಧದಷ್ಟು ಪ್ರೋಟೀನೇ.

ಪ್ಯಾಕೆಟ್ಟಿನಲ್ಲಿ ಬರುವ ನಕಲಿ ಮಾಂಸವನ್ನು ಶುರುವಿನಲ್ಲಿ ತರಬೇಡಿ. ದುಬಾರಿ, ಉಪ್ಪು ವಿಪರೀತ. ಮಯೋನೀಸ್‌ನಲ್ಲಿ ಮೊಟ್ಟೆ, ಇಲ್ಲವೇ ಹಾಲಿನ ಪುಡಿ ಇರುತ್ತೆ, ಓದಿ. ನಮ್ಮೂರ ಪಾನಿಪುರಿ ತಿನ್ನಬಹುದು, ಮೊಸರು ಪುರಿ ಕೇಳಬೇಡಿ ಅಷ್ಟೇ.

ಶಿಡ್ಲಘಟ್ಟ ಹುಡುಗ

ಔಷಧಿ ಮರೆತಿದ್ದೆವು. ಚ್ಯವನಪ್ರಾಶದಲ್ಲಿ ತುಪ್ಪ, ಜೇನುತುಪ್ಪ ಎರಡೂ ಇವೆ. ಕ್ಯಾಪ್ಸೂಲಿನ ಹೊರಗಿನ ಕವಚ ಹೆಚ್ಚಾಗಿ ಜೆಲಾಟಿನ್. ವಿಟಮಿನ್ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡುತ್ತಾರೆ, ಕಲ್ಲುಹೂವಿನ ಜಾತಿಯಿಂದ ಮಾಡಿದ ಡಿ3 ಕೂಡ ಸಿಗುತ್ತೆ. ಹಾಗಂತ ಡಾಕ್ಟರು ಕೊಟ್ಟ ಮಾತ್ರೆಯನ್ನು ಯಾರೂ ನಿಲ್ಲಿಸಬೇಡಿ. ಸಾಧ್ಯವಾದ ಮಟ್ಟಿಗೆ ಅನ್ನೋದು ವೀಗನ್ ಅರ್ಥದಲ್ಲೇ ಇದೆ.

ನಮ್ಮ ಮನೆಯದು ರೇಷ್ಮೆ ನೂಲು ತೆಗೆಯುವ ಕೆಲಸ. ಬಿಸಿನೀರಿನ ಹಬೆಯಲ್ಲಿ ಗೂಡು ನೋಡುತ್ತಾ ಬೆಳೆದವನು ನಾನು. ಊಟದಲ್ಲಿ ಬಿಟ್ಟಿದ್ದೇನೆ, ಮನೆಯ ಕಸುಬಿಗೆ ಇನ್ನೂ ಉತ್ತರ ಸಿಕ್ಕಿಲ್ಲ. ಅಪ್ಪನ ಜೊತೆ ಅದರ ಬಗ್ಗೆ ಮಾತಾಡಬೇಕು, ಧೈರ್ಯ ಬಂದಿಲ್ಲ.

ಶ್ರೀನಿವಾಸಪುರ ಹಸು ಮನೆ

ತಮ್ಮ, ನಿಧಾನಕ್ಕೆ ಮಾತಾಡು. ಅಪ್ಪ ಬೈದರೂ ಕೇಳಿಸಿಕೊಳ್ಳುತ್ತಾರೆ. ನಾನೂ ಇದನ್ನೆಲ್ಲಾ ಓದುತ್ತಾ ಇದ್ದೇನೆ ನೋಡು.

ಮಾಲೂರಿನ ಅಡುಗೆಮನೆ

ಮೊಸರು ಬಿಡೋದು ಹೇಗೆ ಅಂತ ಯಾರೂ ಹೇಳಲಿಲ್ಲ. ಊಟದ ಕೊನೆಗೆ ಮೊಸರನ್ನ ಇಲ್ಲದಿದ್ದರೆ ಊಟ ಮುಗಿದ ಹಾಗೇ ಆಗಲ್ಲ ನಮಗೆ. ನಾನು ಮಾಡುವ ಕಡ್ಲೆಕಾಯಿ ಮೊಸರು ಬರೆಯುತ್ತೇನೆ.

ಒಂದು ಲೋಟ ಹಸಿ ಕಡ್ಲೆಬೀಜ ರಾತ್ರಿ ನೆನೆಸಿ. ಬೆಳಿಗ್ಗೆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಹತ್ತು ನಿಮಿಷ ಕುದಿಸಿ. ಆಗ ಹಸಿ ವಾಸನೆ ಹೋಗುತ್ತೆ, ಸಿಪ್ಪೆಯೂ ಕೈಗೆ ಬರುತ್ತೆ. ಸಿಪ್ಪೆ ತೆಗೆದು ನುಣ್ಣಗೆ ರುಬ್ಬಿ, ಮೂರು ಲೋಟ ನೀರು ಸೇರಿಸಿ, ತೆಳು ಬಟ್ಟೆಯಲ್ಲಿ ಹಿಂಡಿ. ಆ ಹಾಲನ್ನು ಕೈಬಿಡದೆ ತಿರುಗಿಸುತ್ತಾ ಕಾಯಿಸಿ. ಇದು ಹಸುವಿನ ಹಾಲಿಗಿಂತ ಬೇಗ ತಳ ಹಿಡಿಯುತ್ತೆ. ಬೆರಳು ಅದ್ದಿದರೆ ಉಗುರು ಬೆಚ್ಚಗೆ ಇರುವಾಗ ಹೆಪ್ಪು.

ಹೆಪ್ಪಿಗೆ ಹಸಿಮೆಣಸಿನಕಾಯಿ ತೊಟ್ಟು. ಹೌದು, ತೊಟ್ಟು. ಒಂದು ಹತ್ತು ತೊಟ್ಟನ್ನು ತೊಳೆದು, ಹಾಲಿನಲ್ಲಿ ಮುಳುಗುವ ಹಾಗೆ ಹಾಕಿ ಮುಚ್ಚಿಡಿ. ತೊಟ್ಟಿನ ಮೇಲೆ ಇರುವ ಬ್ಯಾಕ್ಟೀರಿಯಾವೇ ಹೆಪ್ಪು ಮಾಡುತ್ತೆ. ಎಂಟು, ಹತ್ತು ಗಂಟೆ ಬೇಕು, ಚಳಿ ಇದ್ದರೆ ಇನ್ನೂ ಜಾಸ್ತಿ. ಮೊದಲ ಸಲ ತೆಳ್ಳಗೆ ಬರುತ್ತೆ, ಸ್ವಲ್ಪ ಮೆಣಸಿನಕಾಯಿ ಘಾಟೂ ಇರುತ್ತೆ. ಅದನ್ನು ಚೆಲ್ಲಬೇಡಿ. ಅದರಲ್ಲಿ ಎರಡು ಚಮಚ ತೆಗೆದು ಮಾರನೇ ದಿನದ ಹಾಲಿಗೆ ಹೆಪ್ಪು ಹಾಕಿ. ಎರಡನೆಯದು ಗಟ್ಟಿ, ಮೂರನೆಯದು ಇನ್ನೂ ಗಟ್ಟಿ. ಹಸುವಿನ ಮೊಸರಿನಷ್ಟು ಹುಳಿ ಬರಲ್ಲ, ನಾನು ಮಜ್ಜಿಗೆ ಮಾಡುವಾಗ ನಿಂಬೆ ಹಿಂಡುತ್ತೇನೆ. ಇದರಲ್ಲಿ ಕ್ಯಾಲ್ಸಿಯಂ ಹಸುವಿನ ಮೊಸರಿನಷ್ಟು ಇಲ್ಲ, ಹಾಗಾಗಿ ಮೇಷ್ಟ್ರು ಹೇಳಿದ ಮುದ್ದೆ ಬಿಡಬೇಡಿ.

ಹಿಂಡಿ ಉಳಿದ ಚರಟವನ್ನು ಅಕ್ಕಿ ರೊಟ್ಟಿಗೆ ಕಲಸಿ.

ಕ್ಯಾತ್ಸಂದ್ರದ ಸೊಸೆ

ಆರು ವಾರ ಆಯಿತು. ಹೇಳಿದ ಎಲ್ಲರಿಗೂ ತಿಳಿಸಬೇಕು ಅಂತ ಬಂದೆ.

ಬಿ12 ಈ ಸಲ 210 ಇತ್ತು. ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ವೀಗನ್ ಅಂದಾಗ ಬೈಯಲಿಲ್ಲ, ಮಾತ್ರೆ ಬರೆದುಕೊಟ್ಟು ಮೂರು ತಿಂಗಳಿಗೆ ಮತ್ತೆ ಬನ್ನಿ ಅಂದರು. ಮಾತ್ರೆ ಡಬ್ಬಿಯನ್ನು ಉಪ್ಪಿನ ಡಬ್ಬಿ ಪಕ್ಕ ಇಟ್ಟಿದ್ದೇನೆ, ಮರೆಯಬಾರದು ಅಂತ.

ಒಂದೇ ದಿನ ಎಲ್ಲಾ ಬಿಡಲಿಲ್ಲ. ಮೊದಲ ವಾರ ಬಿಸ್ಕತ್ತು, ಬೇಕರಿ. ಎರಡನೇ ವಾರ ಕಾಫಿಯ ಹಾಲು. ತುಪ್ಪ ಆಮೇಲೆ. ಮೊಸರು ಕೊನೆಗೆ, ಮಾಲೂರಿನ ಅಮ್ಮ ಹೇಳಿಕೊಟ್ಟ ಕಡ್ಲೆಕಾಯಿ ಮೊಸರು ಸರಿಯಾಗಿ ಹೆಪ್ಪಾದ ಮೇಲೆ. ಮೂರನೇ ಸಲಕ್ಕೆ ಚಮಚ ನಿಲ್ಲುವಷ್ಟು ಗಟ್ಟಿಯಾಯಿತು. ನಮ್ಮ ಅತ್ತೆ ಮೊದಲು ಮೂಗು ಮುರಿದರು. ಮೊನ್ನೆ ನಾನು ನೋಡದಿದ್ದಾಗ ತಟ್ಟೆಗೆ ಹಾಕಿಕೊಂಡಿದ್ದಾರೆ. ಬಟ್ಟಲಿನಲ್ಲಿ ಚಮಚದ ಗುರುತು ಇತ್ತು.

ದೇವಸ್ಥಾನದ ಪಂಚಾಮೃತಕ್ಕೆ ಕೈ ಒಡ್ಡದೆ ಇರಲು ನನಗೆ ಆಗಲಿಲ್ಲ. ಒಂದು ಹನಿ ತಗೊಂಡೆ. ಅದರ ಬಗ್ಗೆ ನನಗಿನ್ನೂ ಗೊಂದಲ ಇದೆ.

ಒಂದು ಪ್ರಶ್ನೆ ಉಳಿದಿದೆ. ನಾಡಿದ್ದು ಸಂಕ್ರಾಂತಿ. ಎಳ್ಳು ಬೆಲ್ಲಕ್ಕೆ ತೊಂದರೆ ಇಲ್ಲ, ಸಕ್ಕರೆ ಅಚ್ಚು ಈ ಸಲ ಹಾಲು ಬಿಡದೆ ಮನೆಯಲ್ಲೇ ಮಾಡುತ್ತೇನೆ. ಸಿಹಿ ಪೊಂಗಲ್‌ಗೆ ತುಪ್ಪ, ಹಾಲಿನ ಬದಲು ಕಾಯಿಹಾಲು ಹಾಕಿದರೆ ಒಡೆದುಹೋಗುತ್ತೆ ಅಂತ ಯಾರೋ ಹೇಳಿದರು. ನಿಜವಾ?

ತಿಪಟೂರು ತೆಂಗು

ಗಟ್ಟಿ ಹಾಲನ್ನು ಕುದಿಸಿದರೆ ಒಡೆಯುತ್ತೆ ಅಕ್ಕ. ಒಂದೇ ಕಾಯಿಯಿಂದ ಎರಡು ಸಲ ಹಿಂಡಿ. ಎರಡನೇ ಸಲದ ತೆಳು ಹಾಲಿನಲ್ಲಿ ಅಕ್ಕಿ, ಹೆಸರುಬೇಳೆ ಬೇಯಿಸಿ. ಬೆಲ್ಲ ಕರಗಿಸಿ ಸೋಸಿ ಹಾಕಿ, ಹಸಿ ವಾಸನೆ ಹೋಗುವವರೆಗೆ ಕುದಿಯಲಿ. ಒಲೆ ಆರಿಸಿ ಐದು ನಿಮಿಷ ಬಿಡಿ. ಆಮೇಲೆ ಮೊದಲ ಸಲದ ಗಟ್ಟಿ ಹಾಲು ಸುರಿದು ಒಮ್ಮೆ ತಿರುಗಿಸಿ. ತುಪ್ಪದಲ್ಲಿ ಗೋಡಂಬಿ ಹುರಿಯುವ ಬದಲು ಕೊಬ್ಬರಿ ಚೂರನ್ನು ಕೊಬ್ಬರಿ ಎಣ್ಣೆಯಲ್ಲಿ ಕೆಂಪಗೆ ಹುರಿದು ಮೇಲೆ ಹಾಕಿ. ಕಾಯಿ ಬಲಿತದ್ದು ಇರಲಿ, ಎಳೆಯದರಲ್ಲಿ ಹಾಲು ಬರಲ್ಲ.